ಗೃಹಶುದ್ಧಿಯಲ್ಲಿ ಅರಿವು
ಮನೆಯನ್ನು ಶುಚಿಗೊಳಿಸುವುದು ಕೀಳು ಕೆಲಸವೆಂಬ ಭಾವನೆ ಸಲ್ಲದು. 12ನೆಯ ಶತಮಾನದ ಶರಣೆ ಸತ್ಯಕ್ಕನು ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡಿದ್ದಳು. ಆದರೆ ಕಾಯಕಕ್ಕೆ ಶ್ರಮದಷ್ಟೇ ಅರಿವೂ ಬೇಕು. ಯಾವ ಕೊಳೆಗೆ ಯಾವ ವಸ್ತುವೆಂಬುದನ್ನು ಬಲ್ಲವರಿಗೆ ಸಾಧನಗಳು ಅಡುಗೆಮನೆಯಲ್ಲಿಯೇ ದೊರೆಯುತ್ತವೆ.

ತಾಮ್ರ ಹಿತ್ತಾಳೆಗಳ ಕಿಲುಬಿಗೆ ಹುಣಿಸೆಹಣ್ಣು ಯೋಗ್ಯವಾದುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವು ಕಿಲುಬನ್ನು ಕರಗಿಸುತ್ತದೆ. ಎಣ್ಣೆಯ ಜಿಡ್ಡಿಗಾದರೋ ಹುಳಿಯಲ್ಲ, ಕ್ಷಾರವು ಬೇಕು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುವುದರಿಂದಲೇ ಅದು ಪಾತ್ರೆಯ ಜಿಡ್ಡನ್ನು ಬಿಡಿಸುತ್ತದೆ. ಅಂಟುವಾಳದ ಸಿಪ್ಪೆಯನ್ನು ನೀರಿನಲ್ಲಿ ನೆನೆಯಿಟ್ಟು ಕಿವುಚಿದರೆ ಸಾಪೊನಿನ್ ಎಂಬ ಅಂಶದಿಂದ ನೊರೆಯೆದ್ದು, ಆ ನೀರು ಬಟ್ಟೆಗೂ ನೆಲಕ್ಕೂ ಒದಗುತ್ತದೆ.

ಹಾಗೆಂದು ಹುಳಿಯನ್ನು ಎಲ್ಲೆಡೆಯೂ ಬಳಸಲಾಗದು. ಶಹಾಬಾದಿನ ಹಾಸುಗಲ್ಲು ಸುಣ್ಣದ ಕಲ್ಲಾದುದರಿಂದ, ನಿಂಬೆಯ ರಸ ಬಿದ್ದೆಡೆ ಅದರ ಹೊಳಪು ಅಳಿಯುತ್ತದೆ. ಹುಳಿಗೆ ಅಡುಗೆ ಸೋಡಾವನ್ನು ಬೆರೆಸಿದರೆ ನೊರೆಯೇನೋ ಏಳುತ್ತದೆ. ಆದರೆ ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ.

ಇವು ವಸ್ತುವಿನ ನಷ್ಟಗಳು ಮಾತ್ರ. ಬ್ಲೀಚಿಂಗ್ ಪುಡಿಗೆ ಹುಳಿಯನ್ನಾಗಲಿ ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಬೆರೆಸಿದರೆ, ಕ್ಲೋರಿನ್ ಎಂಬ ವಿಷಾನಿಲವು ಹೊರಟು ಶ್ವಾಸಕೋಶಗಳನ್ನು ಸುಡುತ್ತದೆ. ಕದ ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾದೀತು. ಆದುದರಿಂದ ಒಂದನ್ನು ಬಳಸಿದೆಡೆಯನ್ನು ಧಾರಾಳವಾಗಿ ನೀರು ಸುರಿದು ತೊಳೆದಲ್ಲದೆ ಇನ್ನೊಂದನ್ನು ಮುಟ್ಟಬಾರದು. ಕಿಟಕಿ ಬಾಗಿಲುಗಳು ತೆರೆದಿರಬೇಕು.

ಈ ಮಾತನ್ನು ಮನೆಯ ಮಕ್ಕಳಿಗೆ ಮಾತ್ರವಲ್ಲದೆ, ಕೆಲಸಕ್ಕೆ ಬರುವವರಿಗೂ ತಿಳಿಯಹೇಳುವುದು ಗೃಹಸ್ಥರ ಕರ್ತವ್ಯ. ಅನ್ಯರ ಉಸಿರಿಗೆ ಕುತ್ತು ತಂದು ಪಡೆದ ಬಿಳುಪು ಶುಚಿತ್ವವೆನಿಸಲಾರದು.