ಸ್ವಾಧ್ಯಾಯ: ಯೋಗಾಭ್ಯಾಸದಲ್ಲಿ ಮರೆತುಹೋದ ಅಂಗ

ಜೂನ್ 21ರ ಅಂತಾರಾಷ್ಟ್ರೀಯ ಯೋಗ ದಿನಾಚರಣೆಯು 2015ರಲ್ಲಿ ಆರಂಭವಾಯಿತು. ಇಂದು ಶಾಲೆಗಳ ಮೈದಾನಗಳಲ್ಲಿಯೂ ಮಠಗಳ ಪ್ರಾಂಗಣಗಳಲ್ಲಿಯೂ ಯೋಗಶಿಬಿರಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಶಿಬಿರಗಳಲ್ಲಿ ಕಲಿಸುವವರ ಪೈಕಿ ಎಷ್ಟು ಜನರು ಯೋಗದ ಮೂಲಗ್ರಂಥಗಳನ್ನು ತೆರೆದು ನೋಡುತ್ತಾರೆ? ಓದಿದವರ ಪೈಕಿ ಎಷ್ಟು ಜನರು ಓದಿದ್ದನ್ನು ಕಲಿಕೆಯಲ್ಲಿಯೂ ನಿತ್ಯಜೀವನದಲ್ಲಿಯೂ ಅಳವಡಿಸಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ಅನ್ಯರಿಗೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಸಂಗವೊಂದು ಒದಗಿತ್ತು. ಅದನ್ನು ಮುಂದೆ ನಿವೇದಿಸುತ್ತೇವೆ.

ಗ್ರಂಥವು ಹೇಳುವುದೇನು?

ಪತಂಜಲಿ ಮಹರ್ಷಿಗಳ ಯೋಗಸೂತ್ರಗಳಲ್ಲಿ ಸಮಾಧಿ, ಸಾಧನ, ವಿಭೂತಿ, ಕೈವಲ್ಯ ಎಂಬ 4 ಪಾದಗಳಿವೆ. ಒಟ್ಟು ಸೂತ್ರಗಳು 195. ಕೆಲವು ಪಾಠಗಳಲ್ಲಿ 196. ಇವುಗಳಲ್ಲಿ ಆಸನದ ಲಕ್ಷಣವನ್ನೂ ಫಲವನ್ನೂ ಹೇಳುವ ಸೂತ್ರಗಳು ಕೇವಲ ಮೂರು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕು. ಪ್ರಯತ್ನವು ಸಡಿಲಗೊಂಡು ಮನಸ್ಸು ಅನಂತದಲ್ಲಿ ನೆಲೆಗೊಂಡಾಗ ಅದು ಸಿದ್ಧಿಸುತ್ತದೆ. ಆಗ ಶೀತೋಷ್ಣಾದಿ ದ್ವಂದ್ವಗಳು ಬಾಧಿಸುವುದಿಲ್ಲ. ಇದು ಆ ಮೂರು ಸೂತ್ರಗಳ ತಾತ್ಪರ್ಯ.

ಅಷ್ಟಾಂಗಗಳಲ್ಲಿ ಎರಡನೆಯದಾದ ನಿಯಮದಲ್ಲಿ ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬ ಐದು ಆಚರಣೆಗಳಿವೆ. ಸ್ವಾಧ್ಯಾಯವೆಂದರೆ ಮಂತ್ರಜಪ ಹಾಗೂ ಮೋಕ್ಷಶಾಸ್ತ್ರಗಳ ಅಧ್ಯಯನ. ಆದ್ದರಿಂದ ಗ್ರಂಥಾಧ್ಯಯನವು ಯೋಗಕ್ಕೆ ಹೊರಗಿನಿಂದ ತೊಡಿಸುವ ಅಲಂಕಾರವಲ್ಲ. ಅದೇ ಒಂದು ಯೋಗಾಂಗ. ಕ್ರಮದಲ್ಲಿಯೂ ಅದು ಆಸನಕ್ಕಿಂತ ಮೊದಲು ಬರುತ್ತದೆ.

ವೈದ್ಯರಾದ ನಮಗೆ ಮತ್ತೊಂದು ಸಂಗತಿ ವಿಶೇಷವಾಗಿ ತೋರುತ್ತದೆ. ಚಿತ್ತವನ್ನು ಚದುರಿಸುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ಪತಂಜಲಿಗಳು ಮೊದಲು ಹೆಸರಿಸುವುದು ವ್ಯಾಧಿಯನ್ನು. ವ್ಯಾಧಿಯೇ ಯೋಗಕ್ಕೆ ಮೊದಲ ವಿಘ್ನವಾಗಿರುವಾಗ, ಕಲಿಸುವವರ ಅಜಾಗ್ರತೆಯಿಂದ ಯೋಗವೇ ವ್ಯಾಧಿಗೆ ಕಾರಣವಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ.

ನಮ್ಮಿಂದ ಆದ ತಪ್ಪು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾವು ಚಿಕಿತ್ಸಾಲಯದ ಕೆಲಸದ ಜೊತೆಗೆ ಪ್ರಾತಃಕಾಲದಲ್ಲಿ ಯೋಗವನ್ನು ಕಲಿಸುತ್ತಿದ್ದೆವು. ಶಿಬಿರಕ್ಕೆ ನಿವೃತ್ತಿಯ ಅಂಚಿನಲ್ಲಿದ್ದ ಶಿಕ್ಷಕರೊಬ್ಬರು ಬರುತ್ತಿದ್ದರು. ಅವರಿಗೆ ರಕ್ತದೊತ್ತಡವಿರುವುದು ನಮಗೆ ತಿಳಿದಿತ್ತು. ಆದರೂ ಎಲ್ಲರಿಗೂ ಒಂದೇ ಕ್ರಮ: ಹನ್ನೆರಡು ಸೂರ್ಯನಮಸ್ಕಾರ, ಅದರ ಬೆನ್ನಿಗೇ ಭಸ್ತ್ರಿಕಾ, ಆಮೇಲೆ ಎಣಿಕೆ ಹಾಕಿ ಕುಂಭಕ. ಎಂಟನೆಯ ದಿನ ಅವರು ತಲೆನೋವು, ತಲೆಸುತ್ತುಗಳಿಂದ ಬಳಲುತ್ತ ಕುಳಿತರು. ಪರೀಕ್ಷಿಸಿದಾಗ ರಕ್ತದೊತ್ತಡವು ಬಹಳ ಏರಿತ್ತು. ಕೂಡಲೇ ಆಸ್ಪತ್ರೆಗೆ ಕರೆದೊಯ್ದೆವು. ದೇವರ ದಯೆಯಿಂದ ಅಪಾಯವೇನೂ ಆಗಲಿಲ್ಲ. ಆದರೆ ಅವರು ಮಲಗಿದಲ್ಲಿಂದಲೇ ಹೇಳಿದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ: "ತಪ್ಪು ನನ್ನದೇ ಡಾಕ್ಟರೇ, ನೀವು ಹೇಳಿದಷ್ಟು ಹೊತ್ತು ಉಸಿರು ಹಿಡಿಯಲು ನನಗೆ ಬರಲಿಲ್ಲ."

ಆ ರಾತ್ರಿ ಕಾಲೇಜಿನ ದಿನಗಳಲ್ಲಿ ಕೊಂಡಿದ್ದ ಹಠಯೋಗಪ್ರದೀಪಿಕೆಯನ್ನು ತೆಗೆದೆವು. ಎರಡನೆಯ ಉಪದೇಶದಲ್ಲಿ ಸ್ವಾತ್ಮಾರಾಮರು ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸಬೇಕೋ ಹಾಗೆಯೇ ಪ್ರಾಣವನ್ನೂ ಪಳಗಿಸಬೇಕು. ಯುಕ್ತಿಯಿಲ್ಲದೆ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ-ಕಿವಿ-ಕಣ್ಣುಗಳ ನೋವು ಮೊದಲಾದವು ಉಂಟಾಗುತ್ತವೆ. ಆ ಶ್ಲೋಕಗಳ ಕೆಳಗೆ ಕೆಂಪು ಶಾಯಿಯ ಗೆರೆಯಿತ್ತು. ಸ್ವಸ್ಥವೃತ್ತದ ಪರೀಕ್ಷೆಗಾಗಿ ನಾವೇ ಎಳೆದ ಗೆರೆ ಅದು! ಅಂಕಗಳಿಗಾಗಿ ಓದಿದ್ದೆವು, ಸ್ವಾಧ್ಯಾಯ ಮಾಡಿರಲಿಲ್ಲ.

ಚರಕಸಂಹಿತೆಯನ್ನು ತೆರೆದಾಗ ಎರಡನೆಯ ತಪ್ಪೂ ಕಂಡಿತು. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಿದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮುಂತಾದವುಗಳ ಸಾಲಿನಲ್ಲಿ ಕೊನೆಯದು ಶ್ರಮದಿಂದ ಉಂಟಾದ ಏದುಸಿರು. ಅದನ್ನು ತಡೆದರೆ ಹೃದ್ರೋಗ, ಮೂರ್ಛೆ ಮೊದಲಾದವು ಬರಬಹುದೆಂದು ಆಚಾರ್ಯರು ಹೇಳಿದ್ದಾರೆ. ಸೂರ್ಯನಮಸ್ಕಾರದಿಂದ ಏದುಸಿರು ಬಿಡುತ್ತಿದ್ದವರಿಗೆ ನಾವು ಉಸಿರು ಕಟ್ಟಿಸಿದ್ದೆವು! ಮರುದಿನ ಆ ಹಿರಿಯರ ಬಳಿಗೆ ಹೋಗಿ, ತಪ್ಪು ತಮ್ಮದಲ್ಲ, ನಮ್ಮದು ಎಂದು ಒಪ್ಪಿಕೊಂಡೆವು.

ಗ್ರಂಥಗಳು ಕಲಿಸುವ ಪ್ರಮಾಣಪ್ರಜ್ಞೆ

ಅಂದಿನಿಂದ ಈ ಗ್ರಂಥಗಳನ್ನು ಜೊತೆಯಾಗಿರಿಸಿ ಓದುತ್ತ ಬಂದಿದ್ದೇವೆ. ಇವೆಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಅದು ಮಿತಿಯ ಅರಿವು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ಮತ; ಹಣೆಯಲ್ಲಿ ಬೆವರು, ಬಾಯಿ ಒಣಗುವಿಕೆ ಅದರ ಗುರುತುಗಳು. ಹೊಟ್ಟೆಯ ಎರಡು ಭಾಗವನ್ನು ಅನ್ನಕ್ಕೂ ಒಂದನ್ನು ದ್ರವಕ್ಕೂ ನೀಡಿ, ಒಂದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂದು ವಾಗ್ಭಟರು ಹೇಳುತ್ತಾರೆ. ಹಠಯೋಗಪ್ರದೀಪಿಕೆಯ ಮಿತಾಹಾರವೂ ಕಾಲುಭಾಗವನ್ನು ಖಾಲಿ ಬಿಡುವುದೇ ಆಗಿದೆ. ಭಗವದ್ಗೀತೆಯ ಆರನೆಯ ಅಧ್ಯಾಯವು ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆನ್ನುತ್ತದೆ.

ಇನ್ನು ನಿತ್ಯಜೀವನದ ಮಾತು. ಚರಕಾಚಾರ್ಯರು ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾರೆ: ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ, ಕಠೋರವಾದ ಮಾತು, ಚಾಡಿ, ಸುಳ್ಳು, ಪರಪೀಡೆ, ಕಳವು. ಪತಂಜಲಿಗಳ ಅಹಿಂಸೆ, ಸತ್ಯ, ಅಸ್ತೇಯಾದಿ ಯಮಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿರಿ. ಯೋಗಿಯ ಶೀಲವೂ ರೋಗಿಯ ಪಥ್ಯವೂ ಬಹುಮಟ್ಟಿಗೆ ಒಂದೇ ಎಂಬುದು ತಿಳಿಯುತ್ತದೆ. ನಮ್ಮ ರೂಢಿಯಾದರೋ ವಿಪರೀತ: ಸಭೆಯಲ್ಲಿ ಕುಳಿತು ಮೂತ್ರವನ್ನು ತಡೆಯುತ್ತೇವೆ, ಮನೆಗೆ ಬಂದು ಕೋಪವನ್ನು ಹರಿಯಬಿಡುತ್ತೇವೆ.

ಅಧ್ಯಯನದ ಕ್ರಮ

ವಾರಕ್ಕೆ ಒಂದೇ ಸೂತ್ರ ಅಥವಾ ಒಂದೇ ಶ್ಲೋಕ ಸಾಕು. ಸೋಮವಾರ ಪದಗಳನ್ನು ಬಿಡಿಸಿ ಅರ್ಥವನ್ನು ತಿಳಿಯಿರಿ. ಮರುದಿನ ಒಂದು ವ್ಯಾಖ್ಯಾನವನ್ನು ಓದಿರಿ; ಯೋಗಸೂತ್ರಗಳಿಗೆ ವ್ಯಾಸಭಾಷ್ಯವು ಉತ್ತಮ. ಮುಂದಿನ ಮೂರು ದಿನ ಅದನ್ನು ಅಭ್ಯಾಸದಲ್ಲಿ ಪರೀಕ್ಷಿಸಿರಿ. ಆಸನದ ಸೂತ್ರವಾದರೆ, ಈ ಭಂಗಿಯಲ್ಲಿ ನನ್ನ ಉಸಿರು ಸರಾಗವಾಗಿದೆಯೇ, ಮುಖದ ಸ್ನಾಯುಗಳು ಬಿಗಿದಿವೆಯೇ ಎಂದು ಗಮನಿಸಿರಿ. ಶನಿವಾರ ಅದನ್ನು ಮನೆಯ ವ್ಯವಹಾರದಲ್ಲಿ ನೋಡಿರಿ. ಭಾನುವಾರ ನಾಲ್ಕು ಜನರೊಡನೆ ಕುಳಿತು ಚರ್ಚಿಸಿರಿ.

ಕಲಿಸುವವರು ಎರಡು ನಿಯಮಗಳನ್ನು ಪಾಲಿಸಲೇಬೇಕು. ಸೂರ್ಯನಮಸ್ಕಾರದ ಬಳಿಕ ಉಸಿರು ಸಹಜಸ್ಥಿತಿಗೆ ಮರಳುವವರೆಗೆ ಪ್ರಾಣಾಯಾಮಕ್ಕೆ ತೊಡಗಿಸಬಾರದು. ರಕ್ತದೊತ್ತಡ ಅಥವಾ ಹೃದ್ರೋಗವುಳ್ಳವರಿಗೆ ಮತ್ತು ಗರ್ಭಿಣಿಯರಿಗೆ ಭಸ್ತ್ರಿಕಾ, ಕುಂಭಕಗಳನ್ನು ಮಾಡಿಸಬಾರದು. ಅವರು ವೈದ್ಯರ ಸಲಹೆ ಪಡೆದೇ ಅಭ್ಯಾಸವನ್ನು ಆರಂಭಿಸಬೇಕು. ಸೇವಿಸುತ್ತಿರುವ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಸಂಸ್ಕೃತ ಬಾರದೆಂಬ ಅಳುಕು ಬೇಡ. ಶಾಸ್ತ್ರಜ್ಞಾನವನ್ನು ಕನ್ನಡಿಗರ ಕೈಗೆಟುಕಿಸಲೆಂದೇ ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯನ್ನು ಕನ್ನಡದಲ್ಲಿ ರಚಿಸಿದರು. 1934ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಮಕರಂದವು ಪ್ರಕಟವಾದದ್ದೂ ಕನ್ನಡದಲ್ಲಿಯೇ.

ಶರಣಪರಂಪರೆಯು ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಲಿಲ್ಲ. ಅನುಭಾವದಲ್ಲಿ ಒರೆಗೆ ಹಚ್ಚಿತು, ನುಡಿಯನ್ನು ನಡೆಯಿಂದ ಅಳೆಯಿತು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಸ್ಥಿರವಾಗಿ ಕುಳಿತು ದೃಷ್ಟಿಯಿಡುವ ಸದ್ಭಕ್ತರಿಗೆ ಆಸನದ ಆ ಮೂರು ಸೂತ್ರಗಳ ಅರ್ಥ ದೂರದ್ದೇನೂ ಅಲ್ಲ.

ಆ ಹಳೆಯ ಪುಸ್ತಕವು ಇಂದಿಗೂ ನಮ್ಮ ಮೇಜಿನ ಮೇಲಿದೆ. ಕೆಂಪು ಗೆರೆಯ ಪಕ್ಕದಲ್ಲಿ ಆ ಶಿಬಿರದ ಎಂಟನೆಯ ದಿನದ ದಿನಾಂಕವನ್ನು ಬರೆದಿಟ್ಟಿದ್ದೇವೆ. ಹೊಸಬರಿಗೆ ಪ್ರಾಣಾಯಾಮವನ್ನು ಹೇಳಿಕೊಡುವ ಮೊದಲು ಆ ಪುಟವನ್ನು ಒಮ್ಮೆ ತೆರೆಯುತ್ತೇವೆ. ಓದುಗರೂ ತಮ್ಮ ಮನೆಯಲ್ಲಿರುವ ಗ್ರಂಥವನ್ನು ಕಪಾಟಿನಿಂದ ಕೆಳಗಿಳಿಸಿ, ಈ ಸೋಮವಾರದಿಂದಲೇ ಒಂದು ಸೂತ್ರದೊಡನೆ ಆರಂಭಿಸಲಿ ಎಂದು ಪ್ರಾರ್ಥಿಸುತ್ತೇವೆ.