ಕೋನಮಾಪಕಕ್ಕೂ ಮೊದಲು ಒಂದು ತುಂಡು ಕಾಗದ

ಮಕ್ಕಳಿಗೆ ಕೋನ ಹೇಳಿಕೊಡಲು ಕೂತ ಕೂಡಲೇ ಜಾಮಿಟ್ರಿ ಬಾಕ್ಸ್ ತೆರೆಯುತ್ತೇವೆ. ಸದ್ಯಕ್ಕೆ ಅದನ್ನು ಮುಚ್ಚಿಡಿ. ಕೋನವೆಂದರೆ ಎಷ್ಟು ತಿರುಗಿತು ಎಂಬ ಲೆಕ್ಕ. ಅದು ಕೈಗೆ ಹತ್ತಿದ ಮೇಲೆ ಡಿಗ್ರಿ ಬಂದರೆ ಸಾಕು.

ಹಳೆಯ ಪತ್ರಿಕೆಯ ಒಂದು ತುಂಡು ಹರಿದು ಕೊಡಿ. ಅಂಚು ಅಂಕುಡೊಂಕಾಗಿದ್ದರೂ ಪರವಾಗಿಲ್ಲ. ಹೇಗೆ ಬೇಕೋ ಹಾಗೆ ಒಮ್ಮೆ ಮಡಚಲಿ. ಆ ಮಡಿಕೆಯ ಗೆರೆ ತನ್ನ ಮೇಲೇ ಕೂರುವಂತೆ ಇನ್ನೊಮ್ಮೆ ಮಡಚಲಿ. ಸಿಕ್ಕ ಮೂಲೆ 90 ಡಿಗ್ರಿ, ಅಂದರೆ ಲಂಬಕೋನ. ಇದೇ ಮಗುವಿನ ಮೂಲೆಮಟ್ಟ. ಹಿಡಿದುಕೊಂಡು ಮನೆಯೆಲ್ಲ ಸುತ್ತಲಿ: ಟೇಬಲ್ಲಿನ ಮೂಲೆ, ತೆರೆದ ಕತ್ತರಿ, ಈಸಿಚೇರಿನ ಬೆನ್ನು. ಕಾಗದದ ಮೂಲೆಗಿಂತ ಕಿರಿದಾದರೆ ಲಘುಕೋನ, ಅಗಲವಾದರೆ ವಿಶಾಲಕೋನ. (ಕನ್ನಡ ಅಕ್ಷರಗಳಲ್ಲಿ ಕೋನ ಹುಡುಕಹೋಗಬೇಡಿ, ಎಲ್ಲ ಗುಂಡು ಗುಂಡು, ಇಂಗ್ಲಿಷಿನ ಎಲ್, ವಿ, ಝಡ್ ಆದೀತು.) ಪುಸ್ತಕವನ್ನು ವಾಲಿಸಿ ಹಿಡಿದರೆ ಅದರ ಮೂಲೆ ಲಂಬಕೋನವೇ ಅಲ್ಲ ಎನ್ನುವ ಮಕ್ಕಳಿದ್ದಾರೆ. ವಾದ ಬೇಡ, ಕಾಗದ ಇಟ್ಟು ನೋಡಲಿ.

ನಿಜವಾದ ತೊಡಕು ಬೇರೆಯೇ ಇದೆ. ಬಾಹು ಉದ್ದವಾದರೆ ಕೋನವೂ ದೊಡ್ಡದು ಎಂದು ಮಕ್ಕಳು ನಂಬಿರುತ್ತಾರೆ. ಬಾಯಿಮಾತಿಗೆ ಇದು ಜಗ್ಗುವುದಿಲ್ಲ. ಮದ್ದು ತೆಗೆದ ಎರಡು ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡಿಗೆ ಎರಡೂ ಕಡೆಯಿಂದ ತೂರಿಸಿ. ಅರವಿಂದ ಗುಪ್ತರ ಆಟಿಕೆಗಳಲ್ಲಿ ಬರುವ ಕೀಲು ಇದು. ಬಾಗಿಸಿ ಲಘುಕೋನ ಮಾಡಿ, ನೆಲಕ್ಕೆ ಒತ್ತಿ ಹಿಡಿಯಿರಿ. ಅದೇ ಗೆರೆಗಳಲ್ಲಿ ಎರಡು ಉದ್ದನೆಯ ಪೊರಕೆಕಡ್ಡಿಗಳನ್ನು ಇಡಿ. ತಿರುವು ಹೆಚ್ಚಿತೇ ಎಂದು ಕೇಳಿ, ಉತ್ತರ ಮಗುವಿನ ಬಾಯಿಂದಲೇ ಬರಲಿ. ಇದಕ್ಕೆ ಇಡೀ ಸಂಜೆ ಹೋದರೂ ನಷ್ಟವಿಲ್ಲ.

ಕಡ್ಡಿಗಳು ನೆಟ್ಟಗಾದರೆ 180 ಡಿಗ್ರಿ, ಸರಳಕೋನ. ಅದನ್ನು ದಾಟಿದ ಸರಳಾಧಿಕ ಕೋನಕ್ಕೆ ಅವಸರ ಬೇಡ.

ಕೋನಮಾಪಕ ಈಗ ಹೊರಬರಲಿ. ಎಷ್ಟೋ ಪ್ಲಾಸ್ಟಿಕ್ ಮಾಪಕಗಳಲ್ಲಿ ಸೊನ್ನೆಯ ಗೆರೆ ಕೆಳ ಅಂಚಿನಲ್ಲಿರುವುದಿಲ್ಲ, ತುಸು ಮೇಲಿರುತ್ತದೆ, ಬೆರಳಿಟ್ಟು ತೋರಿಸಿ. ಅಂಕಿಗಳು ಎರಡು ಸಾಲು ಇರುವುದರಿಂದ 50ರ ಬದಲು 130 ಓದುವುದು ಮಾಮೂಲು. ಆದ್ದರಿಂದ ಅಳೆಯುವ ಮುಂಚೆಯೇ ಕೇಳಿ: "ಲಘುವೋ, ವಿಶಾಲವೋ ಪುಟ್ಟಾ?" ಯಾವ ಸಾಲು ಓದಬೇಕೆಂದು ಆಗ ತಾನೇ ಗೊತ್ತಾಗುತ್ತದೆ.

ಪರೀಕ್ಷೆಗೆ ಗೋಡೆ ಗಡಿಯಾರ ಸಾಕು. ಮೂರು ಗಂಟೆಗೆ ಲಂಬಕೋನ, ಎರಡಕ್ಕೆ 60, ಐದಕ್ಕೆ 150. ಮೂರೂವರೆಗೆ? ದೊಡ್ಡವರೂ 90 ಎಂದುಬಿಡುತ್ತಾರೆ. ಅಷ್ಟು ಹೊತ್ತಿಗೆ ಗಂಟೆಮುಳ್ಳು 3 ಮತ್ತು 4ರ ನಟ್ಟನಡುವೆ ಬಂದಿರುತ್ತದೆ. ಕೋನ 75 ಡಿಗ್ರಿ.