ಗುಜರಿಗೆ ಹಾಕದ ಕಂಪ್ಯೂಟರು

ಶಿರಗುಪ್ಪಿ

ಚಿರಂಜೀವಿ ತಮ್ಮನಿಗೆ ಅಜ್ಜನ ಆಶೀರ್ವಾದಗಳು.

ಕಬ್ಬಿನ ಕಟಾವು ಜೋರಾಗಿ ನಡೆದಿದೆ. ರಾತ್ರಿಯೆಲ್ಲ ಟ್ರ್ಯಾಕ್ಟರುಗಳು ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಸಪ್ಪಳ. ನಮ್ಮ ಮನೆಯಾಕೆಗೆ, ನಿನ್ನ ಆಯಿಗೆ, ಆ ಸಪ್ಪಳ ಕೇಳಿದರೇ ನಿದ್ದೆ.

ಹೋದ ಸಲ ಫೋನಿನಲ್ಲಿ ನೀನಂದ ಮಾತು ನನ್ನ ಮನಸ್ಸಿನಲ್ಲೇ ಕೂತಿತ್ತು. "ಅಜ್ಜಾ, ಆ ಕಂಪ್ಯೂಟರ್ ಕಥಿ ಮುಗೀತು, ಭಂಗಾರದಾಂವಗ ಕೊಟ್ಟಬಿಡ್ರಿ" ಅಂದೆ. ನಿನ್ನ ಲೆಕ್ಕ ಸರಿಯೇ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಎಂಟನೆಯ ಪೀಳಿಗೆಯ ಪ್ರೊಸೆಸರು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಎಲ್ಲ ಇರಬೇಕು. ನಮ್ಮದು ನಾಲ್ಕನೆಯ ಪೀಳಿಗೆಯ ಐ5. ಆದರೆ ತಮ್ಮಾ, ಕಂಪನಿ ಕೈಬಿಟ್ಟದ್ದು ಒಳಗಿನ ವಿಂಡೋಸನ್ನು. ಯಂತ್ರದ ನಾಲ್ಕು ಕೋರುಗಳಲ್ಲಿ ಒಂದೂ ಕೆಟ್ಟಿಲ್ಲ. ಅದು ನಿಧಾನವಾಗಿದ್ದಕ್ಕೆ ಮುಖ್ಯ ಕಾರಣ ಗರಗರ ತಿರುಗುವ ಆ ಹಳೆಯ ಹಾರ್ಡ್‌ಡಿಸ್ಕು. ಮಿರಜಿಗೆ ಹೋದಾಗ ಒಂದು ಎಸ್‌ಎಸ್‌ಡಿ, ರಿಪೇರಿ ಅಂಗಡಿಯಿಂದ ಬಳಸಿದ ನಾಲ್ಕು ಜಿಬಿ ರ‍್ಯಾಮ್ ತಂದೆ. ಪಕ್ಕದ ಓಣಿಯ ಡಿಪ್ಲೊಮಾ ಹುಡುಗ ಬಂದು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಎಕ್ಸ್‌ಎಫ್‌ಸಿಇ ಎಂಬ ಹಗುರಾದ ಆವೃತ್ತಿ, ಪುಕ್ಕಟೆ ಸಿಗುವಂಥದ್ದು. ಮೊದಲು ಗುಂಡಿ ಒತ್ತಿ ಚಹಾ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ಈಗ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಸಿದ್ಧ.

ಅದಕ್ಕೆ ಕೊಟ್ಟ ಮೊದಲ ಕೆಲಸ ಕಬ್ಬಿನ ಲೆಕ್ಕ. ಇಷ್ಟು ವರ್ಷ ತೂಕದ ಚೀಟಿಗಳನ್ನು ಮೊಳೆಗೆ ಚುಚ್ಚಿ ಇಡುತ್ತಿದ್ದೆ. ಸೀಸನ್ ಮುಗಿಯುವ ಹೊತ್ತಿಗೆ ಅರ್ಧ ಚೀಟಿಗಳ ಅಕ್ಷರ ಅಳಿಸಿಹೋಗಿರುತ್ತಿತ್ತು. ಒಂದು ವರ್ಷ ಬಿಲ್ಲಿನಲ್ಲಿ ಒಂದು ಟ್ರಾಲಿಯೇ ಕಾಣಲಿಲ್ಲ; ಕೇಳಲು ಹೋದರೆ ಚೀಟಿ ತೋರಿಸಿ ಅಂದರು, ನನ್ನ ಕೈಯಲ್ಲಿದ್ದದ್ದು ಬಿಳಿ ಕಾಗದ. ಆ ನೋವು ಇನ್ನೂ ಇದೆ. ಈಗ ಟ್ರಾಲಿ ಹೋದ ದಿನವೇ ತಾರೀಖು, ತೂಕ, ಯಾವ ಹೊಲ, ಯಾವ ಟೋಳಿ ಕಡಿದದ್ದು, ಎಲ್ಲವನ್ನೂ ಲಿಬ್ರೆಆಫೀಸಿನ ಹಾಳೆಯಲ್ಲಿ ಬರೆಯುತ್ತೇನೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಟ್ಟಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಇಳುವರಿ 11.25 ಎಂದು ತುಂಬಿದರೆ ಟನ್ನಿಗೆ 3,896 ರೂಪಾಯಿ ಎಂದು ಹಾಳೆ ತಾನೇ ತೋರಿಸುತ್ತದೆ. ಪಕ್ಕದ ಚೌಕದಲ್ಲಿ ಕಟಾವು-ಸಾಗಣೆಯ ಖರ್ಚು ಕಳೆದು ಉಳಿಯುವುದೆಷ್ಟು ಎಂದೂ ಬರುತ್ತದೆ. ಇನ್ನೊಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯ: ಕಬ್ಬು ಕೊಟ್ಟು ಎಷ್ಟು ದಿನವಾಯಿತು ಎಂಬುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಹದಿನೈದನೆಯ ದಿನಕ್ಕೆ ಆ ಚೌಕ ಕೆಂಪಗಾಗುವಂತೆ ಮಾಡಿದ್ದೇನೆ. ಅಕ್ಕಪಕ್ಕದ ನಾಲ್ಕು ಮಂದಿ ರೈತರೂ ಸಂಜೆ ಚೀಟಿ ಹಿಡಿದು ಬರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಹಾಳೆ ಮಾಡಿಟ್ಟಿದ್ದೇನೆ.

ಎರಡನೆಯದು ಕಾಗದ ಪತ್ರದ ಕೆಲಸ. 2019ರ ಆಗಸ್ಟ್ ನಿನಗೆ ನೆನಪಿರಬೇಕು. ಕೃಷ್ಣೆ ಉಕ್ಕಿ ಜುಗೂಳ, ಮಂಗಾವತಿ ಹಳ್ಳಿಗಳನ್ನು ಸುತ್ತಿಕೊಂಡಾಗ ಅಲ್ಲಿನ ನಮ್ಮ ಬೀಗರು ಹೊತ್ತು ತಂದದ್ದು ಒಂದು ಟ್ರಂಕು. ಅದರೊಳಗೆ ಒದ್ದೆಯಾದ ಖರೀದಿ ಪತ್ರಗಳು, ಶಾಲೆ ಬಿಟ್ಟ ದಾಖಲೆ, ಮದುವೆಯ ಫೋಟೋಗಳು. ಪಹಣಿಯ ಚಿಂತೆ ಇರಲಿಲ್ಲ, ಅದು ಭೂಮಿ ಯೋಜನೆಯಿಂದಾಗಿ ಸರ್ಕಾರದ ಕಂಪ್ಯೂಟರಿನಲ್ಲೇ ಇದೆ. ಆದರೆ ಅವರ ಅಜ್ಜನ ಕಾಲದ ಮೋಡಿ ಲಿಪಿಯ ಒಂದು ಕಾಗದ ಹಪ್ಪಳದಂತೆ ಮುರಿದುಹೋಯಿತು. ಅದನ್ನು ಮತ್ತೆ ಬರೆಯುವವರು ಯಾರು? ಈಗ ನಮ್ಮ ಮನೆಯ, ಬೀಗರ ಮನೆಯ ಕಾಗದಗಳನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ, ಹೆಸರು ಕೊಟ್ಟು ಜೋಡಿಸುತ್ತಿದ್ದೇನೆ. ದಿನಕ್ಕೆ ಹತ್ತು ಹಾಳೆ, ಹೆಚ್ಚಿಲ್ಲ. ಮುಟ್ಟಿದರೆ ಪುಡಿಯಾಗುವಂಥವನ್ನು ಗಾಜಿನ ಕೆಳಗಿಟ್ಟು ಫೋನಿನಲ್ಲೇ ತೆಗೆಯುತ್ತೇನೆ.

ಇದೇ ಕೆಲಸದಲ್ಲಿ ನನ್ನ ಹಳೆಯ ಬರಹಗಳೂ ಸಿಕ್ಕವು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಇನ್ನೂರು ಕಡತ. ನಿನ್ನ ಫೋನಿಗೆ ಕಳಿಸಿದಾಗ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ ಅಂದಿದ್ದೆಯಲ್ಲ, ಅದರ ಕಾರಣ ಈಗ ತಿಳಿದುಕೊಂಡೆ. ಆಗಿನ ಅಕ್ಷರಶೈಲಿಗಳು ರೋಮನ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಶೈಲಿ ಇಲ್ಲದ ಕಡೆ ಕನ್ನಡವೇ ಮಾಯ. ಯುನಿಕೋಡಿನಲ್ಲಿ 'ಕ'ಕ್ಕೆ 'ಕ'ದ್ದೇ ಸಂಖ್ಯೆ ಇದೆ, ಜಗತ್ತಿನ ಯಾವ ಯಂತ್ರ ತೆರೆದರೂ ಅದು 'ಕ'ವೇ. ಪರಿವರ್ತಕದಲ್ಲಿ ಹಾಕಿ ಒಂದೊಂದನ್ನೇ ಬದಲಿಸುತ್ತಿದ್ದೇನೆ. ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಓದಿ ತಿದ್ದಬೇಕು. ಹೊಸದಾಗಿ ಟೈಪ್ ಮಾಡಲು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಕ್ಕಿತು. ಬೆರಳಿಗೆ ಅಭ್ಯಾಸವಾದ ದಾರಿ ತಪ್ಪಲಿಲ್ಲ.

ಸಂಜೆ ಏಳರಿಂದ ಎಂಟು ಓಣಿಯ ಹೆಣ್ಣುಮಕ್ಕಳಿಗೆ ಬಿಟ್ಟಿದ್ದೇನೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯ ಇಳಿಸಿಟ್ಟಿದ್ದೇವೆ, ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನ, ನೆಟ್ ಬೇಡ. ಫೋನಿನಲ್ಲಿ ಓದಲು ಕೂತರೆ ಅವರ ಕಣ್ಣು ರೀಲ್ಸ್ ಕಡೆ ಓಡುತ್ತದೆ. ಇಲ್ಲಿ ಓದುವುದು ಬಿಟ್ಟರೆ ಟೈಪಿಂಗ್ ಕಲಿಯುವುದು, ಅಷ್ಟೇ.

ಇಪ್ಪತ್ನಾಲ್ಕು ತಾಸೂ ಹಚ್ಚಿಟ್ಟು ಮನೆಯ ಸರ್ವರ್ ಮಾಡು ಎಂದು ಆ ಡಿಪ್ಲೊಮಾ ಹುಡುಗ ಹೇಳಿದ. ನಾನು ಒಪ್ಪಲಿಲ್ಲ. ಯಂತ್ರ ಸುಮಾರು 70 ವ್ಯಾಟ್ ತಿನ್ನುತ್ತದೆ ಎಂದು ಹಿಡಿ, ತಿಂಗಳಿಗೆ 50 ಯೂನಿಟ್ ಆಯಿತು. ಗೃಹಜ್ಯೋತಿಯಲ್ಲಿ ನಮಗೆ ಪುಕ್ಕಟೆ ಸಿಗುವುದು ಹಿಂದಿನ ಸರಾಸರಿಯ ಮೇಲೆ ಸ್ವಲ್ಪವೇ ಹೆಚ್ಚು. ಉಳಿದದ್ದಕ್ಕೆಲ್ಲ ಹೆಸ್ಕಾಂ ಬಿಲ್ಲು ಬರುತ್ತದೆ. ದಿನಕ್ಕೆ ಮೂರು ತಾಸು ಹಚ್ಚಿದರೆ ಆರೇಳು ಯೂನಿಟ್ಟಿನಲ್ಲಿ ಮುಗಿಯುತ್ತದೆ. ಸದಾ ಎಚ್ಚರವಿರಬೇಕಾದ ಕೆಲಸಕ್ಕೆ ಐದು ವ್ಯಾಟಿನ ಪುಟ್ಟ ಬೋರ್ಡೇ ಮೇಲು, ಹಳೆಯದೆಂಬ ಪ್ರೀತಿಗೆ ಅದನ್ನು ಮರೆಯಬಾರದು. ಹಾಗೆಯೇ, ನಿನ್ನ ಗೆಳೆಯರಲ್ಲಿ ಯಾರಾದರೂ ಬೆಂಬಲ ನಿಂತ ಹಳೆಯ ವಿಂಡೋಸಿನಲ್ಲೇ ಬ್ಯಾಂಕಿನ ವ್ಯವಹಾರ ಮಾಡುತ್ತಿದ್ದರೆ ಬೇಡವೆನ್ನು.

ಒಂದು ದಿನ ಇದು ನಿಜವಾಗಿಯೂ ಸಾಯುತ್ತದೆ. ಆಗಲೂ ಊರ ಹೊರಗೆ ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ಹೋಗಬಾರದು, ಆ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ. ಬೆಳಗಾವಿಯಲ್ಲಿ ಇ-ತ್ಯಾಜ್ಯವನ್ನು ಪರವಾನಗಿಯಿಂದ ಪಡೆಯುವವರು ಯಾರಿದ್ದಾರೆ ಎಂದು ಈಗಲೇ ವಿಚಾರಿಸಿಡು.

ಸಂಕ್ರಾಂತಿಗೆ ಬರುವಾಗ ಒಂದು ಹೊರಗಿನ ಹಾರ್ಡ್‌ಡಿಸ್ಕು ತಾ. ಎಲ್ಲದರ ಪ್ರತಿ ನಿನ್ನ ಬಳಿಯೂ ಇರಬೇಕು. ಕೃಷ್ಣೆ ಮತ್ತೆ ಬಂದರೆ ಒಂದೇ ಮನೆಯಲ್ಲಿ ಇಟ್ಟ ಎರಡು ಪ್ರತಿಯೂ ಒಂದೇ. ಒಂದು ಒಳ್ಳೆಯ ಮೈಕನ್ನೂ ಮರೆಯಬೇಡ. ನಿನ್ನ ಆಯಿ ಬೀಸುವಾಗ ಹಾಡುತ್ತಿದ್ದವನ್ನು ಫೋನಿನಲ್ಲಿ ಹಿಡಿದು ಇದರಲ್ಲಿ ಹಾಕಿದ್ದೇನೆ, ಕನ್ನಡದವು ಹನ್ನೊಂದು, ಮರಾಠಿಯವು ನಾಲ್ಕು. ಫ್ಯಾನಿನ ಸದ್ದು ಎಲ್ಲದರಲ್ಲೂ ಬಂದಿದೆ. ಮೊನ್ನೆ ಸ್ಪೀಕರಿನಲ್ಲಿ ತನ್ನದೇ ದನಿ ಕೇಳಿ ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ, ತನ್ನ ತವರಿನದೊಂದು ಹಾಡು ನೆನಪಾಯಿತು, ಮೊಮ್ಮಗ ಬಂದ ಮೇಲೆ ಹೇಳುತ್ತೇನೆ ಅಂದಳು.

ನಿನ್ನ ದಾರಿ ನೋಡುವ
ಅಜ್ಜ